ಬೀಗಿತ್ತಿಯ ಮನೆಯ ನೀರು

ಬಟವಾಡಿಯ ಆ ಕ್ಲಿನಿಕ್ಕಿನಲ್ಲಿ ಗರ್ಭಿಣಿಯರು ಕೂರಲು ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು ಇತ್ತು. ನಡುವೆ ನನ್ನ ಮಗಳು, ಈ ಕಡೆ ನಾನು, ಆ ಕಡೆ ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ. ನಾನು ಅಮೃತೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಕುಣಿಗಲ್‌ಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತುಮಕೂರು ತಲುಪಿದ್ದೆ. ಅವರು ಗುಬ್ಬಿಯಿಂದ ಮಗನ ಕಾರಿನಲ್ಲಿ ಸೊಸೆಯನ್ನು ಕೂರಿಸಿಕೊಂಡು ಬಂದಿದ್ದರು. ಮಗಳು ತುಟಿ ಒಣಗಿಸಿಕೊಂಡದ್ದು ನೋಡಿ ನಾನು ಬ್ಯಾಗಿನಿಂದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಅವಳ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ.

“ಊರಿಂದ ತಂದಿದ್ದಾ ಅಮ್ಮ?” ಎಂದಳು.

“ಹೂಂ ಕಣೇ. ಇನ್ನೆಲ್ಲಿಂದ ತರ್ಲಿ?”

ಅಷ್ಟರಲ್ಲಿ ಆ ಕಡೆಯಿಂದ ಸ್ಟೀಲ್ ಬಾಟಲಿಯೊಂದು ಅವಳ ಮಡಿಲಿಗೆ ಬಂದಿತ್ತು. ಮಗಳು ಅದನ್ನೆತ್ತಿ ಗಟಗಟನೆ ಕುಡಿದಳು. ಕುಡಿದಾದ ಮೇಲೆ ಸೆರಗಿನಲ್ಲಿ ಅವಳ ಗಲ್ಲ ಒರೆಸಿದ್ದೂ ಬೀಗಿತ್ತಿಯೇ. ಎದುರಿಗೆ ಕೂತಿದ್ದ ಹೆಂಗಸು “ಅತ್ತೆ ಎಷ್ಟ್ ಚೆನ್ನಾಗ್ ನೋಡ್ಕೋತಾರೆ” ಎಂದು ಮೆಚ್ಚಿಕೊಂಡಳು. ತೆರೆದ ಬಾಟಲಿ ಹಿಡಿದುಕೊಂಡು ಕೂತಿದ್ದ ನಾನು ಏನು ಮಾಡಲಿ? ನಾನೇ ಕುಡಿದೆ.

ಹೊಟ್ಟೆಕಿಚ್ಚು ಎಂದರೆ ಏನೆಂದು ಆವತ್ತು ಗೊತ್ತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗದು ಮೊದಲಿನಿಂದಲೂ ಚೆನ್ನಾಗಿಯೇ ಗೊತ್ತು. ಮದುವೆಯಾದ ವರ್ಷವೇ ಮಗಳು ಫೋನಿನಲ್ಲಿ “ನಮ್ಮತ್ತೆ ಮಾಡೋ ಉಪ್ಸಾರು ತಿನ್ಬೇಕು ನೀನು” ಎಂದಿದ್ದಳು. ಉಪ್ಸಾರು ನನ್ನ ಕೈಯಡುಗೆ. ಇಪ್ಪತ್ತು ವರ್ಷ ಅದನ್ನು ತಿಂದು ಬೆಳೆದವಳು! ಆಮೇಲೆ ಅವರು ಹಾಕಿಕೊಡುವ ಜಡೆ ಚೆನ್ನ, ಅವರು ಆರಿಸುವ ಸೀರೆ ಚೆನ್ನ. ಎಲ್ಲವನ್ನೂ ನಾನು ಹೂಂ ಹೂಂ ಎಂದು ನುಂಗಿಕೊಂಡಿದ್ದೆ. ನೀರು ಮಾತ್ರ ನುಂಗಲಾಗಲಿಲ್ಲ.

ನೀರಿನ ವಿಷಯ ಶುರುವಾದದ್ದು ಗೌರಿ ಹಬ್ಬದಲ್ಲಿ. ಬಸುರಿ ಮಗಳು ಬಾಗಿನ ಇಸಿದುಕೊಳ್ಳಲು ತವರಿಗೆ ಬಂದಳು. ಬಂದ ಮಾರನೆಯ ದಿನವೇ ವಾಂತಿ, ಭೇದಿ. ಕುಣಿಗಲ್ಲಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದವಳನ್ನು ನೋಡಲು ಬೀಗಿತ್ತಿ ಓಡಿಬಂದರು. ಡಾಕ್ಟರು “ನೀರಿಂದ ಆಗಿರೋದು” ಎಂದದ್ದೇ ತಡ, ಅವರು ನನ್ನನ್ನು ಕಾರಿಡಾರಿಗೆ ಕರೆದು ಬಹಳ ಮರ್ಯಾದೆಯಿಂದಲೇ ಹೇಳಿದರು.

“ನೋಡಿ ಬೀಗ್ರೇ, ತಪ್ಪು ತಿಳ್ಕೋಬೇಡಿ. ಬಾಣಂತನ ನಮ್ಮನೇಲೇ ಆಗೋಗ್ಲಿ. ನಿಮ್ಮೂರ್ ನೀರು ನೆಚ್ಕೊಂಡು ಹಸುಗೂಸ್ನ ಹೆಂಗ್ ಕಳ್ಸೋದು?”

ಚೊಚ್ಚಲ ಬಾಣಂತನ ತವರುಮನೆಯದು. ನಮ್ಮ ಕಡೆ ಅದು ಯಾರೂ ಕೇಳಿ ಪಡೆಯುವ ವಿಷಯವಲ್ಲ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ತವರಿನವರು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಆ ನೆಪದಲ್ಲಾದರೂ ಕೊಟ್ಟ ಮಗಳು ಕೆಲವು ತಿಂಗಳು ಮತ್ತೆ ನಮ್ಮವಳಾಗುತ್ತಾಳೆ. ನಾನು ಆಗಲೇ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೆ, ಹಳೇ ಪಂಚೆಗಳನ್ನು ಒಗೆದು ಮಡಚಿಟ್ಟಿದ್ದೆ, ಒಣಶುಂಠಿ ಕುಟ್ಟಿಸಿದ್ದೆ. ಮಗಳ ತಲೆಗೆ ಎಣ್ಣೆ ಒತ್ತಿ, ಹಂಡೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಎಷ್ಟು ಸಲ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದೆನೋ. ಅದನ್ನೆಲ್ಲ ಈ ಹೆಂಗಸು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಒಂದೇ ಮಾತಿಗೆ ಕಿತ್ತುಕೊಳ್ಳುತ್ತಿದ್ದಳು.

“ನೀರು ಸರಿ ಮಾಡುದ್ರೆ ಕಳುಸ್ತೀರಾ?” ಎಂದು ಕೇಳಿದೆ.

“ಸೀಮಂತದ ಹೊತ್ಗೆ ಮಾಡ್ ತೋರ್ಸಿ. ನಾನ್ಯಾಕೆ ಬ್ಯಾಡ ಅನ್ಲಿ?” ಎಂದರು. ಮಗಳೂ ಮಂಚದಿಂದಲೇ “ನೀರು ಸರಿಹೋದ್ರೆ ಬರ್ತೀನಮ್ಮ” ಎಂದಳು. ನನಗೆ ಬೇಕಾಗಿದ್ದದ್ದು ಅವಳ ಆ ಮಾತು.

ನಮ್ಮ ಬೀದಿಗೆ ನೀರು ಬರುವುದು ತೊಂಬೆಯಿಂದ, ಅಂದರೆ ಬೀದಿ ಮೂಲೆಯ ನಲ್ಲಿಯ ತೊಟ್ಟಿಯಿಂದ. ತೊಂಬೆಗೆ ಬರುವ ಪೈಪು ಚರಂಡಿಯ ಪಕ್ಕದಲ್ಲಿ, ಒಂದು ಕಡೆಯಂತೂ ಚರಂಡಿಯೊಳಗೇ ಹಾದುಬರುತ್ತದೆ. ಒಡೆದ ಜಾಗಕ್ಕೆ ಯಾರೋ ಪುಣ್ಯಾತ್ಮರು ಸೈಕಲ್ ಟ್ಯೂಬು ಸುತ್ತಿದ್ದಾರೆ. ಕರೆಂಟು ಹೋಗಿ ನೀರು ನಿಂತಾಗ ಆ ಟ್ಯೂಬಿನ ಸಂದಿಯಿಂದ ಚರಂಡಿಯ ನೀರು ಒಳಗೆ ಸೇರಿಕೊಳ್ಳುತ್ತದೆ. ನಮ್ಮ ಯಜಮಾನರು ಪಂಚಾಯ್ತಿಗೆ ಹೋಗಿ ಕೇಳಿ ಬಂದರು. ಅಲ್ಲಿನವರು ಹೇಳಿದ ಮಾತಿನ ಮೇಲೆ ಲೆಕ್ಕ ಹಾಕಿದರೆ, ಪೈಪು ಬದಲಾಯಿಸುವ ಹೊತ್ತಿಗೆ ನನ್ನ ಮೊಮ್ಮಗು ಶಾಲೆಗೆ ಹೋಗುತ್ತಿರುತ್ತದೆ. ಫಿಲ್ಟರ್ ಮಷೀನು ತಂದುಬಿಡೋಣ ಎಂದು ಯಜಮಾನರೇ ಹೇಳಿದರು. ಬೀಗಿತ್ತಿಯ ಅಡುಗೆಮನೆಯಲ್ಲಿ ನೀಲಿ ದೀಪ ಹತ್ತುವ ಅಂಥದೊಂದು ಮಷೀನು ಗೋಡೆಯ ಮೇಲೆ ಇತ್ತು. ಅವರ ಮನೆಯದನ್ನೇ ನೋಡಿ ತಂದುಕೊಂಡಳು ಅನ್ನಿಸಿಕೊಳ್ಳುವುದಕ್ಕಿಂತ ನಾನು ತೊಂಬೆಗೆ ಹಾರುತ್ತಿದ್ದೆ. ಬೇಡ ಎಂದೆ.

ನಮ್ಮೂರಿನ ಆಶಾ ಕಾರ್ಯಕರ್ತೆ ನನಗೆ ದೂರದ ಸಂಬಂಧದಲ್ಲಿ ತಂಗಿಯಾಗಬೇಕು. ಅವಳ ಹತ್ತಿರ ನೀರು ಪರೀಕ್ಷೆ ಮಾಡುವ ಚಿಕ್ಕ ಚಿಕ್ಕ ಸೀಸೆಗಳಿದ್ದವು. ಗೆರೆಯ ತನಕ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರು ಕಪ್ಪಗಾದರೆ ಅದಕ್ಕೆ ಹೊಲಸು ಸೇರಿದೆ ಎಂದರ್ಥ. ಬಣ್ಣ ತಿರುಗದಿದ್ದರೆ ಬಚಾವು. ಮೊದಲ ಸೀಸೆಗೆ ತೊಂಬೆಯ ನೀರು ತುಂಬಿ ಒಲೆಯ ಹತ್ತಿರದ ಗೂಡಿನಲ್ಲಿಟ್ಟೆ. ಮಾರನೆಯ ದಿನಕ್ಕೆ ಅದು ಕಾಡಿಗೆಯಾಗಿತ್ತು. ಇಷ್ಟು ವರ್ಷ ನಾವು ಕುಡಿದದ್ದು ಇದನ್ನೇ ಎಂದು ಯಜಮಾನರಿಗೆ ತೋರಿಸಿದರೆ, “ನಾವೆಲ್ಲ ಗಟ್ಟಿಮುಟ್ಟಾಗೇ ಇದೀವಲ್ಲೇ” ಎಂದರು. ಅವರಿಗೆ ಗಟ್ಟಿಯಾಗಿರುವುದು ಹೊಟ್ಟೆಯಲ್ಲ, ಮೊಂಡುತನ.

ಅಲ್ಲಿಂದ ಶುರುವಾಯಿತು ನನ್ನ ಪ್ರಯೋಗ. ಹಳೇ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಕಸ, ಕಡ್ಡಿ, ಕೆಂಪು ಮಣ್ಣು ಬಟ್ಟೆಯಲ್ಲಿ ನಿಂತಿತು, ನೀರು ತಿಳಿಯಾಯಿತು, ಸೀಸೆ ಮಾತ್ರ ಕಪ್ಪಗೇ ಆಯಿತು. ಒಣಗಿದ ನುಗ್ಗೆ ಬೀಜದ ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಿಗೆ ಕಲಸಿ, ಕದಡಿ ಬಿಟ್ಟರೆ ಬಗ್ಗಡವೆಲ್ಲ ತಳಕ್ಕೆ ಕೂರುತ್ತದೆ ಎಂದು ಸ್ತ್ರೀಶಕ್ತಿ ಸಂಘದಲ್ಲಿ ಕೇಳಿದ್ದೆ. ಅದೂ ನಿಜವೇ. ಮಳೆ ಬಂದು ರಾಡಿಯಾದ ನೀರು ಕನ್ನಡಿಯಂತಾಯಿತು. ಆದರೆ ಕಣ್ಣಿಗೆ ಚೆನ್ನಾಗಿ ಕಂಡದ್ದೆಲ್ಲ ಹೊಟ್ಟೆಗೆ ಒಳ್ಳೆಯದಲ್ಲ, ಕುದಿಸಲೇಬೇಕು ಎಂದಳು ಆಶಾ ತಂಗಿ. ಕ್ಲೋರಿನ್ ದ್ರಾವಣವನ್ನೂ ಕೊಟ್ಟಳು. ಅಳತೆಯಂತೆ ಹನಿ ಬಿಟ್ಟು ಅರ್ಧ ಗಂಟೆ ಕಾದರೆ ಸಾಕು, ಅದರಷ್ಟು ಸುಲಭ ಇನ್ನೊಂದಿಲ್ಲ. ಆದರೆ ವಾಸನೆ! ಒಗ್ಗರಣೆ ವಾಸನೆಗೇ ಓಕರಿಸುವ ಬಸುರಿ ಅದನ್ನು ಬಾಯಿಗಿಡುತ್ತಾಳೆಯೇ? ಇಟ್ಟು, ಮುಖ ಸಿಂಡರಿಸಿದರೆ, ಬೀಗಿತ್ತಿಯ ಮುಂದೆ ನನ್ನ ಗತಿಯೇನು?

ಕುದಿಸಲು ಕೂತೆ. ಸೌದೆಗೆ ನಮಗೇನು ಬರ? ತೋಟದಲ್ಲಿ ತೆಂಗಿನ ಮಟ್ಟೆ, ಚಿಪ್ಪು ರಾಶಿ ಬಿದ್ದಿರುತ್ತದೆ. ನೀರು ಕೊತಕೊತ ಕುದಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ಇಳಿಸಿ, ಆರಿಸಿ, ಕೊಡಕ್ಕೆ ತುಂಬಿ, ಮೇಲೆ ತಟ್ಟೆ ಮುಚ್ಚಿದೆ. ಸಂಜೆ ಅದೇ ಕೊಡದಿಂದ ಸೀಸೆ ತುಂಬಿಸಿಟ್ಟೆ. ಈ ಸಲ ಗೆದ್ದೆ ಎಂದುಕೊಂಡಿದ್ದೆ. ಸೀಸೆ ಕಪ್ಪಗಾಯಿತು.

ಕುದಿಸಿದ ನೀರು ಕಪ್ಪಗಾಗುವುದೆಂದರೆ! ಸೀಸೆಯೇ ಸರಿಯಿಲ್ಲ, ಯಾರೋ ಬೇಕಂತಲೇ ಕೆಟ್ಟ ಸೀಸೆ ಕೊಟ್ಟಿದ್ದಾರೆ ಎಂದು ಆಶಾ ತಂಗಿಯ ಮನೆಗೆ ಹೋಗಿ ಜಗಳ ತೆಗೆದೆ. ಅವಳು ನಕ್ಕು, “ಅಕ್ಕ, ನೀರ್ನ ಬೈಬೇಡ. ಒಂದಿನ ಆ ಕೊಡದ್ ಹತ್ರ ಕುತ್ಕೊಂಡು ಯಾರ್ಯಾರ್ ಬತ್ತಾರೆ ನೋಡು” ಎಂದಳು.

ಕೂತು ನೋಡಿದೆ. ಯಜಮಾನರು ತೋಟದಿಂದ ಬಂದರು. ಬಂದವರಿಗೆ ಬಾಗಿಲಲ್ಲಿ ಒಂದು ಚೊಂಬು ನೀರು ಕೊಡುವುದು ನಮ್ಮ ಪದ್ಧತಿ. ಕೊಟ್ಟೆ. ಅವರು ಜಗಲಿಯ ಮೇಲೆ ನಿಂತು ಕಾಲಿಗೆ ಹುಯ್ದುಕೊಂಡರು, ಬಾಯಿ ಮುಕ್ಕಳಿಸಿದರು, ಖಾಲಿ ಚೊಂಬನ್ನು ಕಾಲು ತೊಳೆದ ಒದ್ದೆ ನೆಲದ ಮೇಲಿಟ್ಟರು. ಒಳಗೆ ಬರುವಾಗ ಅದೇ ಚೊಂಬು ಎತ್ತಿಕೊಂಡು ಬಂದು, ಕುಡಿಯಲೆಂದು ಸೀದಾ ಕೊಡಕ್ಕೆ ಅದ್ದಿದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಬಂದರು, ಅವರಿಗೂ ಹಾಗೇ ಆಯಿತು. ಅವರಿಗೆ ಚೊಂಬು ಮುಳುಗಿಸಿ ಕೊಟ್ಟದ್ದು ಯಾರೆಂದುಕೊಂಡಿರಿ? ನಾನೇ! ನೋಡುತ್ತಾ ಕೂತಿದ್ದವಳೇ ಎದ್ದು ಹೋಗಿ, ರೂಢಿಯಂತೆ, ಬೆರಳು ಗೆಣ್ಣಿನವರೆಗೆ ನೀರಿನಲ್ಲಿ ಮುಳುಗಿಸಿ ತುಂಬಿಕೊಟ್ಟಿದ್ದೆ. ಊರಿನವರ ಕಾಲ ಧೂಳನ್ನೆಲ್ಲ ಸೇರಿಸಿ ಬೀಗಿತ್ತಿಯ ಮುಂದೆ ಗೆಲ್ಲಲು ಹೊರಟಿದ್ದೆ.

ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆ ಬದಿಯಲ್ಲಿ ನಲ್ಲಿ ಕೂರಿಸಿದ ಮಣ್ಣಿನ ಮಡಕೆ ಮಾರುತ್ತಾರೆ. ಒಂದನ್ನು ತಂದು, ಎತ್ತರದ ಸ್ಟೂಲಿನ ಮೇಲಿಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮುಚ್ಚಿದೆ. ಕುದಿಸಿದ ನೀರು ಅದರೊಳಗೆ. ಕುಡಿಯುವವರು ನಲ್ಲಿ ತಿರುಗಿಸಿ ಲೋಟಕ್ಕೆ ಹಿಡಿದುಕೊಳ್ಳಬೇಕು. ಕಾಲು ತೊಳೆಯುವ ಚೊಂಬು ಹೊರಗೆ, ಒಳಗೆ ಬಂದರೆ ಜೋಕೆ. ಇದರಿಂದ ಮನೆಯಲ್ಲಿ ರಾಮಾಯಣವೇ ಆಯಿತು. ಯಜಮಾನರ ಅಣ್ಣ ಬಂದಾಗ ಲೋಟದಲ್ಲಿ ನೀರು ಕೊಟ್ಟರೆ, ಅವರು ಅದನ್ನು ಕೈಯಲ್ಲಿ ಹಿಡಿದು ನೋಡಿ, “ಏನಮ್ಮ, ನೀರ್ಗೂ ಅಳ್ತೆನಾ ಈಗ?” ಎಂದು ಕುಡಿಯದೆ ಎದ್ದು ಹೋದರು. ನೆಂಟರಿಗೆ ತುಂಬಿದ ಚೊಂಬು ಕೊಡದ ಮನೆ ಎಂದು ಬೀದಿಯಲ್ಲಿ ಹೆಸರಾಯಿತು. ಆಗಲಿ ಎಂದೆ. ನನಗೆ ಬೇಕಿದ್ದದ್ದು ಒಂದೇ ಒಂದು ನೆಂಟಸ್ತಿಕೆ.

ಮುಂದಿನ ಸೀಸೆಯ ಬಣ್ಣ ತಿರುಗಲಿಲ್ಲ. ಎರಡು ದಿನ ಬಿಟ್ಟು ನೋಡಿದರೂ ತಿರುಗಲಿಲ್ಲ. ಗೂಡಿನಿಂದ ತೆಗೆದು, ಬೆಳಕಿಗೆ ಹಿಡಿದು, ಸೀಸೆಗೇ ದೃಷ್ಟಿ ತೆಗೆದೆ. ಒಂದೇ ಕೊರತೆಯೆಂದರೆ ಮಟ್ಟೆಯ ಒಲೆಯಲ್ಲಿ ಕುದಿದ ನೀರಿಗೆ ಹೊಗೆಯ ವಾಸನೆ. ಅದಕ್ಕೂ ಆಶಾ ತಂಗಿ ದಾರಿ ಹೇಳಿದಳು. ಬಣ್ಣವಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದು, ಲೇಬಲ್ ಕಿತ್ತು, ಸೋಸಿದ ತಿಳಿನೀರು ತುಂಬಿ, ಬೆಳಗ್ಗೆಯಿಂದ ಸಂಜೆವರೆಗೂ ಸುಡುಬಿಸಿಲಿನಲ್ಲಿ ಮಲಗಿಸಬೇಕು. ಮೋಡವಿದ್ದರೆ ಎರಡು ದಿನ. ಬಿಸಿಲೇ ಕ್ರಿಮಿಗಳನ್ನು ಕೊಲ್ಲುತ್ತದೆ. ಸೌದೆ ಬೇಡ, ಹೊಗೆಯಿಲ್ಲ. ದನದ ಕೊಟ್ಟಿಗೆಯ ತಗಡಿನ ಮೇಲೆ ಬಾಟಲಿಗಳನ್ನು ಸಾಲಾಗಿ ಮಲಗಿಸಿದೆ. ಯಜಮಾನರು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು, “ನೋಡ್ರಪ್ಪೋ, ಸಂಡಿಗೆ ಒಣಗಾಕೋರ್ನ ನೋಡಿದೀರಿ, ನಮ್ಮೋಳು ನೀರೇ ಒಣಗಾಕವ್ಳೆ” ಎಂದು ತೋರಿಸಿದರು. ಸಂಜೆ ಅದನ್ನೇ ಮಡಕೆಗೆ ಹಾಕಿ ತಣಿಸಿ ಕೊಟ್ಟಾಗ ಎರಡು ಲೋಟ ಕುಡಿದು ಸುಮ್ಮನಾದರು. ಅದರ ಸೀಸೆಯೂ ತಿಳಿಯಾಗಿಯೇ ಉಳಿಯಿತು.

ಸೀಮಂತಕ್ಕೆ ಇನ್ನೂ ಒಂದು ತಿಂಗಳಿತ್ತು. ದಿನ ಗೊತ್ತು ಮಾಡುವ ಮಾತಿಗೆಂದು ನಾನು ಗುಬ್ಬಿಗೆ ಹೋದೆ. ತಿಳಿ ಸೀಸೆಯನ್ನು ತೋರಿಸಿ ಬಾಯಿ ಮುಚ್ಚಿಸಬೇಕೆಂದು ಹೋದವಳು, ಬಾಗಿಲಲ್ಲೇ ಮನಸ್ಸು ಬದಲಾಯಿಸಿದೆ. ಬೀಗಿತ್ತಿ ನಗುನಗುತ್ತಾ ಬಂದು ತುಂಬಿದ ಚೊಂಬು ಕೊಟ್ಟರು. ನಾನು ಕಾಲು ತೊಳೆದುಕೊಂಡೆ. ಅವರು ಆ ಚೊಂಬನ್ನು ಹೊಸಿಲಿನಿಂದ ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆಯೇ ಹೋದೆ. ಮಷೀನಿನ ನೀರು ಸಪ್ಪೆ ಎಂದು ಅವರು ಅದನ್ನು ತಾಮ್ರದ ಕೊಡದಲ್ಲಿ ತುಂಬಿಡುತ್ತಿದ್ದರು. ಹುಣಸೆಹಣ್ಣಿನಲ್ಲಿ ಬೆಳಗಿ ಫಳಫಳ ಹೊಳೆಯುವ ಕೊಡ. ಆ ಕೊಡಕ್ಕೆ ಅದೇ ಚೊಂಬು, ಬುಳಕ್ಕನೆ!

ನನ್ನ ಎದೆಯಲ್ಲಿ ಏನೋ ಕುಣಿಯಿತು. ಆ ಚೊಂಬಿನ ನೀರನ್ನೇ ನನಗೆ ಬೆಲ್ಲದ ಜೊತೆ ಕೊಟ್ಟು, “ಕುಡೀರಿ ಬೀಗ್ರೇ, ಫಿಲ್ಟರ್ ನೀರು, ಭಯ ಪಡ್ಬೇಡಿ” ಎಂದು ಕಾಯಿ ಒಡೆಯಲು ಹಿತ್ತಲಿಗೆ ಹೋದರು. ನನ್ನ ಬ್ಯಾಗಿನಲ್ಲಿ ಖಾಲಿ ಸೀಸೆಯೊಂದಿತ್ತು. ಸೆರಗಿನ ಮರೆಯಲ್ಲಿ ಗೆರೆಯ ತನಕ ತುಂಬಿಸಿ ಮುಚ್ಚಳ ಬಿಗಿದೆ. ಆಮೇಲೆ ಸಂಭಾವಿತಳಂತೆ ಕೂತು ಬೆಲ್ಲ ತಿಂದೆ. ಮಗಳು ಒಳಗಿನಿಂದ ಬಂದು ಅತ್ತೆಯ ಹೊಸ ಕುಪ್ಪಸದ ಡಿಸೈನು ತೋರಿಸಿದಳು, ಅದಕ್ಕೂ ಚೆನ್ನಾಗಿದೆ ಎಂದೆ. ವಾಪಸು ಬರುವಾಗ ಗುಬ್ಬಿಯಿಂದ ಊರಿನ ತನಕ ಆ ಸೀಸೆಯನ್ನು ಬ್ಯಾಗಿನಲ್ಲಿ ಇಡಲು ಮನಸ್ಸಾಗದೆ ಅಂಗೈಯಲ್ಲಿ ಹಿಡಿದುಕೊಂಡೇ ಬಂದೆ.

ಅದು ಕಪ್ಪಗಾಯಿತು. ನಮ್ಮ ತೊಂಬೆಯ ನೀರಿನಷ್ಟೇ ಕಪ್ಪು! ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ನೀಲಿ ದೀಪದ ಮಷೀನಂತೆ, ತಾಮ್ರದ ಕೊಡವಂತೆ! ಸೀಮಂತದ ದಿನ ಎರಡು ಕಡೆಯ ನೆಂಟರೂ ಸೇರಿರುವಾಗ, ಹೂ ಮುಡಿಸುವ ಹಸೆಯ ಮುಂದೆ, ಎರಡು ಸೀಸೆಗಳನ್ನೂ ಪಕ್ಕಪಕ್ಕ ಇಡುತ್ತೇನೆ. ಇದು ನಮ್ಮನೆಯದು, ಇದು ನಿಮ್ಮನೆಯದು. ಈಗ ಹೇಳಿ, ಮಗಳನ್ನು ಎಲ್ಲಿ ಬಿಡೋಣ? ಅವರ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡು ರಾಗಿ ಬೀಸುತ್ತಿದ್ದವಳು ನಕ್ಕುಬಿಟ್ಟೆ. ಯಜಮಾನರು ಏನೆಂದು ಕೇಳಿದರೆ ಹೇಳಲಿಲ್ಲ.

ಅವತ್ತೇ ಮಧ್ಯಾಹ್ನ ಮಗಳ ಫೋನು ಬಂತು. ಅದೂ ಇದೂ ಮಾತಾಡುತ್ತಾ, “ಡಾಕ್ಟ್ರು ನೀರ್ ಜಾಸ್ತಿ ಕುಡೀಬೇಕು ಅಂದವ್ರಲ್ಲ, ಅತ್ತೆ ಬಿಡೋದೇ ಇಲ್ಲ ಕಣಮ್ಮ. ಚೊಂಬ್ಗಟ್ಲೆ ಕುಡಿಸ್ತಾರೆ” ಎಂದಳು. ನನ್ನ ನಗು ಅಲ್ಲೇ ನಿಂತಿತು. ಗೂಡಿನಲ್ಲಿ ಆ ಸೀಸೆ ಕಾಣುತ್ತಿತ್ತು. ಅಯ್ಯೋ, ಇವಳು ಕುಡಿಯುತ್ತಿರುವುದು ಅದನ್ನೇ ಅಲ್ಲವೇ? ನಾನು ಕಾಯಬೇಕೆಂದಿದ್ದ ಒಂದು ತಿಂಗಳೂ ಅವಳು ಕುಡಿಯಬೇಕಾದದ್ದು ಅದನ್ನೇ ಅಲ್ಲವೇ?

“ಆ ಕೊಡದ್ ನೀರು ಕುಡೀಬ್ಯಾಡ ಕಣೇ,” ಎಂದೆ. “ಅದು ಕೆಟ್ಟೋಗೈತೆ. ನಾನು ಪರೀಕ್ಷೆ ಮಾಡಿವ್ನಿ.”

“ಏನು? ನಮ್ಮನೆ ನೀರ್ನ ನೀನು ಪರೀಕ್ಷೆ ಮಾಡ್ದಾ? ಯಾವಾಗ?”

ಹೇಳಿದೆ. ಅವಳು “ಹೊಟ್ಟೆಕಿಚ್ಚಿಗೂ ಒಂದ್ ಮಿತಿ ಇರ್ಬೇಕು ಕಣಮ್ಮ. ಅತ್ತೆಗ್ ಗೊತ್ತಾದ್ರೆ ಏನಂದ್ಕೋತಾರೆ? ನಾಚ್ಕೆ ಆಗ್ತದೆ ನಂಗೆ” ಎಂದು ಫೋನಿಟ್ಟಳು.

ಮಗಳು ಹಾಗಂದಳೆಂದು ನನಗೆ ಅಳು ಬಂತು. ಹೊಟ್ಟೆಕಿಚ್ಚು ನಿಜ, ನೀರು ಕೆಟ್ಟಿದ್ದೂ ನಿಜ. ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುತ್ತದೆಯೇ? ಸಂಜೆಯವರೆಗೂ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಈಗಲೇ ಹೋಗಿ ಹೇಳಿದರೆ ಅವರು ಸರಿಮಾಡಿಕೊಳ್ಳುತ್ತಾರೆ. ಸರಿಮಾಡಿಕೊಂಡರೆ ಸೀಮಂತದ ದಿನ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೇಳದಿದ್ದರೆ ಗೌರಿ ಹಬ್ಬದಲ್ಲಿ ಆದದ್ದೇ ಮತ್ತೆ ಆಗಬಹುದು, ಈಗ ಹೊಟ್ಟೆ ಇನ್ನೂ ದೊಡ್ಡದಾಗಿದೆ. ಆ ಹೆಂಗಸಿಗೆ ನಾನೇ ಹೋಗಿ ಪಾಠ ಹೇಳಿಕೊಟ್ಟು, ನನ್ನ ಬಾಣಂತನವನ್ನು ನಾನೇ ಅವರ ಕೈಗೆ ಒಪ್ಪಿಸಿ ಬರಬೇಕೇ ಎಂದು ಮೈಯೆಲ್ಲ ಉರಿಯಿತು.

ಬೆಳಗ್ಗೆ ಮೊದಲನೇ ಬಸ್ಸಿಗೆ ಹೊರಟೆ. ಕುಣಿಗಲ್ಲಿನಲ್ಲಿ ಇಳಿದು ಇನ್ನೊಂದು ನಲ್ಲಿ ಮಡಕೆ ಕೊಂಡೆ. ತುಮಕೂರಿನವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡು, ಗುಬ್ಬಿ ಬಸ್ಸಿನಲ್ಲಿ ಸೀಟು ಸಿಗದೆ ಕಂಕುಳಲ್ಲಿ ಅವುಚಿಕೊಂಡು ನಿಂತು ಹೋದೆ. ಬಾಗಿಲು ತೆರೆದ ಬೀಗಿತ್ತಿ ಮಡಕೆಯನ್ನೂ ನನ್ನನ್ನೂ ನೋಡಿದರು. ರೂಢಿಯಂತೆ ಚೊಂಬು ತರಲು ತಿರುಗಿದವರನ್ನು ತಡೆದು, ಕಪ್ಪು ಸೀಸೆಯನ್ನು ಅವರ ಕೈಗಿಟ್ಟೆ. ಏನು, ಎತ್ತ, ಹೇಗೆ ತುಂಬಿಸಿಕೊಂಡು ಹೋದೆ, ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ಒಳಬಾಗಿಲಲ್ಲಿ ಮಗಳು ನಿಂತಿದ್ದಳು, ನನ್ನನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದಳು. ಬೀಗಿತ್ತಿ ರೇಗುತ್ತಾರೆ, ಕೂಗಾಡುತ್ತಾರೆ, ಜಗಳವಾದರೆ ಅಲ್ಲಿಂದಲೇ ಮಗಳ ಕೈ ಹಿಡಿದು ಎಳೆದುಕೊಂಡು ಹೊರಡಬಹುದು ಎಂದು ನನಗೆ ಒಳಗೊಳಗೇ ಆಸೆ ಇತ್ತು.

ಅವರು ರೇಗಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಚಿಕ್ಕದಾಯಿತು. “ಮಷೀನ್ ನೀರಲ್ವಾ ಬೀಗ್ರೇ ಇದು?” ಎಂದರು.

“ಮಷೀನ್ದೇನೂ ತಪ್ಪಿಲ್ಲ. ಚೊಂಬಿಂದು.”

ಅವರು ಅವತ್ತು ಚೊಂಬು ಇಟ್ಟಿದ್ದ ಹೊಸಿಲನ್ನು ನೋಡಿದರು, ಅಡುಗೆಮನೆಯ ಕೊಡದ ಕಡೆ ನೋಡಿದರು. ಹೆಚ್ಚು ವಿವರಿಸಬೇಕಾಗಲಿಲ್ಲ. “ಇದ್ನೇ ಕುಡಿಸ್ತಿದ್ನಲ್ಲಾ ಇವ್ಳಿಗೆ” ಎಂದು ಕೊಡವನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಬಾಳೆಗಿಡಕ್ಕೆ ಸುರಿದು ಬಂದರು. ಬಂದವರೇ ಸೆರಗು ಸಿಕ್ಕಿಸಿಕೊಂಡು, “ಹೆಂಗ್ ಮಾಡ್ಬೇಕು ತೋರ್ಸಿ” ಎಂದರು. ಅಷ್ಟು ಬೇಗ ಸೋತುಬಿಟ್ಟರೆ ಗೆದ್ದವರಿಗೆ ಏನು ಸುಖ?

ತೋರಿಸಿದೆ. ಮಡಕೆ ಎಲ್ಲಿಡಬೇಕು, ಬಟ್ಟೆ ಹೇಗೆ ಕಟ್ಟಬೇಕು, ಎಷ್ಟು ಕುದಿಸಬೇಕು, ಕರೆಂಟಿಲ್ಲದೆ ಮಷೀನು ನಿಂತ ದಿನ ಬಾಟಲಿಗಳನ್ನು ಬಿಸಿಲಿಗೆ ಹೇಗೆ ಮಲಗಿಸಬೇಕು. ಸ್ವಲ್ಪ ತಪ್ಪು ಮಾಡಲಿ ಎಂದು ನಾನು ಕಾಯುತ್ತಿದ್ದರೆ ಆ ಹೆಂಗಸು ಒಂದನ್ನೂ ಎರಡನೇ ಸಲ ಕೇಳಲಿಲ್ಲ. ವಾರ ಕಳೆದು ಹೋದಾಗ ನೋಡುತ್ತೇನೆ, ಒಂದಲ್ಲ, ಎರಡು ನಲ್ಲಿ ಮಡಕೆ. ಒಂದನ್ನು ತೊಳೆದು ಒಣಗಿಸಿದಾಗ ಇನ್ನೊಂದು. ಮಡಕೆಯ ಬಾಯಿಗೆ ಅಂಚು ಹೊಲಿದ ಬಿಳಿ ಬಟ್ಟೆ, ಅದಕ್ಕೆ ಮೂಲೆಗಳಲ್ಲಿ ಮಣಿ ಬೇರೆ. ತಾರಸಿಯ ಮೇಲೆ ತಗಡು ಹಾಸಿ ಸಾಲು ಬಾಟಲಿ. ಕಾಲು ತೊಳೆಯಲು ಅಂಗಳದಲ್ಲೇ ಬಕೆಟ್ಟು, ಮಗ್ಗು. ನಾನು ಮಾಡಿದ್ದು ಕೊಟ್ಟಿಗೆಯ ಕೆಲಸದಂತೆ ಕಾಣುವ ಹಾಗೆ ಎಲ್ಲವನ್ನೂ ಮಾಡಿಟ್ಟಿದ್ದರು. ಮಗಳು ನನ್ನ ಹತ್ತಿರ ಬಂದು, “ಸಾರಿ ಅಮ್ಮ” ಎಂದು ಕೆನ್ನೆ ಹಿಂಡಿದಳು. ಆಮೇಲೆ “ಅತ್ತೆ ಎಷ್ಟ್ ಬೇಗ ಕಲ್ತ್ಕೊಂಡ್ರು ನೋಡ್ದಾ?” ಎಂದಳು. ನೋಡಿದೆ ಎಂದೆ.

ಸೀಮಂತದ ದಿನ ಚಿಗಲಿ, ತಂಬಿಟ್ಟು, ಹಸಿರು ಬಳೆ, ಹೂವು ಎಲ್ಲ ಹೊತ್ತುಕೊಂಡು ಹೋದೆವು. ಹೂ ಮುಡಿಸಿದ್ದಾಯಿತು, ಆರತಿಯಾಯಿತು. ಊಟದ ಮೇಲೆ ಯಜಮಾನರು ಗಂಟಲು ಸರಿಮಾಡಿಕೊಂಡು ಮಗಳನ್ನು ಕರೆದೊಯ್ಯುವ ಮಾತು ತೆಗೆದರು. ನಾನು ನಮ್ಮ ತಿಳಿ ಸೀಸೆಯನ್ನು ಮುಂದಿಟ್ಟೆ. ಬೀಗಿತ್ತಿ ಎದ್ದು ಹೋಗಿ ತಮ್ಮದನ್ನೂ ತಂದು ಪಕ್ಕದಲ್ಲಿಟ್ಟರು. ಆಶಾ ತಂಗಿಯಿಂದ ನಾನೇ ಕೇಳಿ ತಂದುಕೊಟ್ಟಿದ್ದ ಸೀಸೆ. ಎರಡೂ ಒಂದೇ ಬಣ್ಣ. ಯಾವುದು ಯಾರದೆಂದು ಗುರುತೇ ಸಿಗದಷ್ಟು ತಿಳಿಯಾಗಿದ್ದವು.

“ನೀರು ಸರಿ ಮಾಡುದ್ರೆ ಕಳುಸ್ತೀನಿ ಅಂದಿದ್ದೆ, ಮಾತ್ಗೆ ತಪ್ಪಲ್ಲ,” ಎಂದರು ಬೀಗಿತ್ತಿ. “ಅವ್ಳು ಹೆಂಗ್ ಹೇಳ್ತಾಳೋ ಹಂಗೆ.”

ಎಲ್ಲರೂ ಮಗಳ ಕಡೆ ನೋಡಿದರು. ಅವಳು ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಾ, “ಇಲ್ಲೂ ನೀರು ಸರಿಹೋಯ್ತಲ್ಲ ಅಮ್ಮ. ಆಸ್ಪತ್ರೆನೂ ಹತ್ರ, ಇವ್ರೂ ದಿನಾ ಜೊತೇಲೇ ಇರ್ತಾರೆ” ಎಂದು ಗಂಡನ ಕಡೆ ನೋಡಿದಳು. “ನೀನೇ ಬಂದಿರು. ಬರ್ತೀಯಲ್ಲ?”

ನೀರಿನ ಜಗಳವಾಗಿದ್ದರೆ ನಾನು ಸೋಲುತ್ತಿರಲಿಲ್ಲ. ಅದು ನೀರಿನ ಜಗಳವಾಗಿರಲೇ ಇಲ್ಲ. ಹೂಂ ಕಣೇ ಎಂದೆ.

ಹೆಣ್ಣುಮಗು ಹುಟ್ಟಿತು. ನಾನು ಗುಬ್ಬಿಯಲ್ಲೇ ಇದ್ದೆ, ನೆಂಟರ ಹಾಗೆ. ಎಣ್ಣೆ ಒತ್ತುವುದು, ನೀರು ಹಾಕುವುದು ನನ್ನದೇ ಎಂದು ಬೀಗಿತ್ತಿ ದೊಡ್ಡ ಮನಸ್ಸು ಮಾಡಿದ್ದರು. ಅದೇ ನನಗೆ ಸೇರುತ್ತಿರಲಿಲ್ಲ. ಅವರ ಅಡುಗೆಮನೆಯಲ್ಲಿ ಶುಂಠಿ ಡಬ್ಬ ಎಲ್ಲಿದೆ ಎಂದು ಕೇಳಿ ತೆಗೆದುಕೊಳ್ಳಬೇಕು, ಬಚ್ಚಲೊಲೆಗೆ ಸೌದೆ ಇನ್ನೊಂದಿಡಲೇ ಎಂದು ಕೇಳಬೇಕು. ಮಗುವನ್ನು ನೋಡಲು ಬಂದ ಹೆಂಗಸರಿಗೆಲ್ಲ ಅವರು ನಲ್ಲಿ ಮಡಕೆ ತೋರಿಸಿ, ಚೊಂಬು ಅದ್ದಿದರೆ ಏನಾಗುತ್ತದೆಂದು ನನ್ನದೇ ಮಾತುಗಳಲ್ಲಿ ವಿವರಿಸುತ್ತಿದ್ದರು. ಕೊನೆಗೆ ತಪ್ಪದೆ “ಇದೆಲ್ಲ ನಮ್ ಬೀಗ್ರು ಹೇಳ್ಕೊಟ್ಟಿದ್ದು” ಎಂದೂ ಸೇರಿಸುತ್ತಿದ್ದರು. ಆ ಒಂದು ಮಾತನ್ನು ನುಂಗಿಹಾಕಿದ್ದರೆ ನಾನಾದರೂ ನೆಮ್ಮದಿಯಾಗಿ ಉರಿದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಬೀಗಿತ್ತಿ ಅಂಗಡಿಗೆ ಹೋಗಿದ್ದರು. ಮಗಳಿಗೆ ನೀರು ಹಾಕಿ, ತಲೆ ಒಣಗಿಸಿ, ಬೆಚ್ಚಗೆ ಹೊದಿಸಿ ಮಲಗಿಸಿದ್ದೆ. ಕಿಟಕಿಗೆ ಪರದೆ ಎಳೆದಿತ್ತು. ಮಗು ನನ್ನ ಮಡಿಲಲ್ಲಿತ್ತು. ನಾನು ಮಂಚದ ಅಂಚಿನಲ್ಲಿ, ಅವಳ ಕಾಲಿನ ಹತ್ತಿರ ಕೂತಿದ್ದೆ. ಅವಳು ಮಗ್ಗುಲಾದ ಸದ್ದಾಯಿತು. ಕಣ್ಣು ಬಿಡದೆ, ನಿದ್ದೆಗಣ್ಣಿನಲ್ಲೇ, “ಅತ್ತೆ, ನೀರು” ಎಂದಳು.

ಮಗುವನ್ನು ಹಾಸಿಗೆಯ ಮೇಲಿಟ್ಟು ಎದ್ದು ಹೋದೆ. ನಲ್ಲಿ ತಿರುಗಿಸಿ ಲೋಟ ತುಂಬಿಸಿಕೊಂಡು ಬಂದು, ಅವಳ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ಕುಡಿಸಿದೆ. ಕಣ್ಣು ಮುಚ್ಚಿಕೊಂಡೇ ಪೂರ್ತಿ ಕುಡಿದಳು. ನೀರು ಅವಳಿಗೆ ಹಿಡಿಸಿತ್ತು.

“ಇನ್ನೊಂದ್ ಚೂರು ಕೊಡಿ ಅತ್ತೆ,” ಎಂದಳು.

ನಾನು ಯಾರೆಂದು ಹೇಳಲಿಲ್ಲ. ಹೋಗಿ ಇನ್ನೊಂದು ಲೋಟ ತುಂಬಿಸಿಕೊಂಡು ಬಂದು ಕೊಟ್ಟೆ.